ಕಿವಿಯಿಂದ ಕೋಡಿಗೆ: ನಮ್ಮ ಹಿಟಾಚಿ ಗಾಡಿಗಳ ರೋಗ ಹಿಡಿಯುವ ಕಥೆ

ಇವತ್ತಿನ ಸಂಚಿಕೆ ಒಂದು ಸಂಖ್ಯೆಯಿಂದ ಶುರು ಆಗುತ್ತದೆ. ನೂರು, ಅಡ್ಡಗೆರೆ, ನಾಲ್ಕು. 100-4.

ಕೆಲವು ವರ್ಷದ ಹಿಂದಿನ ಮಾತು. ಮೇ ತಿಂಗಳು. ಶಿರಹಟ್ಟಿ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕಾಕಾನ ಚೈನ್ ಗಾಡಿ ಕೃಷಿ ಹೊಂಡ ತೋಡುತ್ತಿತ್ತು. ಕಾಕಾ ಇರೋದು ಲಕ್ಷ್ಮೇಶ್ವರದಲ್ಲಿ. ಗಾಡಿ ಸೆಕೆಂಡ್ ಹ್ಯಾಂಡ್, ಸಾಲದ ಮೇಲೆ ತೊಗೊಂಡದ್ದು. ನಾನು ಬಿ.ಕಾಂ ಮುಗಿಸಿ ಗದಗಿನಲ್ಲಿ ಕೆಲಸ ಹುಡುಕುತ್ತಿದ್ದೆ, ಹಿಂಗಾಗಿ ಗಾಡಿಯ ಲೆಕ್ಕ ನನ್ನ ಕಡೆ ಬಂತು. ದಿನಕ್ಕೆ ಎಷ್ಟು ತಾಸು ಓಡಿತು, ಎಷ್ಟು ಡೀಸೆಲ್ ಹಾಕಿದರು, ಬ್ಯಾಂಕಿನ ಕಂತು ಯಾವಾಗ, ಯಾರ ಬಾಕಿ ಎಷ್ಟು. ಗಾಡಿ ಓಡಿದರೆ ತಾಸಿನ ಲೆಕ್ಕ, ನಿಂತರೆ ಬಡ್ಡಿ ಲೆಕ್ಕ.

ಒಂದು ಮಧ್ಯಾಹ್ನ ಗಾಡಿಯ ಮಾನಿಟರಿನಲ್ಲಿ ಹಳದಿ ದೀಪ ಹತ್ತಿತು. ಕೆಳಗೆ ಎಣ್ಣೆ ಡಬ್ಬಿಯ ಚಿತ್ರ, ಪಕ್ಕದಲ್ಲಿ ಆ ಸಂಖ್ಯೆ. ಇಂಜಿನ್ ಆಯಿಲ್ ಪ್ರೆಶರ್, ಲೋ. ಆಪರೇಟರ್ ಮುಂಡರಗಿ ಕಡೆಯ ಹುಡುಗ, ಇಪ್ಪತ್ತೆರಡು-ಇಪ್ಪತ್ತಮೂರರ ವಯಸ್ಸು. ಗಾಡಿ ಬಂದ್ ಮಾಡಿ, ಇಳಿದು, ಗೇಜ್ ಕಡ್ಡಿ ಎಳೆದು ಎಣ್ಣೆ ನೋಡಿ, ಫೋನ್ ಹಚ್ಚಿದ.

“ಕಾಕಾರ, ಎಣ್ಣಿ ಗೆರಿ ಮಟ ಐತ್ರಿ. ಸಪ್ಪಳ ಚೊಲೊ ಐತಿ. ಇಂಜಿನ್‌ಗೆ ಏನೂ ಆಗಿಲ್ಲ ಅನಸ್ತೈತ್ರಿ.”

“ಅಲ್ಲೋ ತಮ್ಮಾ, ಮಾನಿಟರ್‌ನ್ಯಾಗ ಪ್ರೆಶರ್ ಇಲ್ಲ ಅಂತ ಬಂದೈತಿ, ನೀ ಸಪ್ಪಳ ಚೊಲೊ ಐತಿ ಅಂತಿಯಲ್ಲ?”

ಆ ಒಂದು ಮಾತಿನ ಮೇಲೆ ಆರು ದಿನ ಗಾಡಿ ನಿಂತಿತು. ಫೋನಿನಲ್ಲೇ ಒಬ್ಬರು ರೋಗ ಹೇಳಿದರು: ಸೆನ್ಸರ್ ಹೋಗಿದೆ. ಹೊಸ ಸೆನ್ಸರ್ ಬಂತು. ಹಾಕಿದ ಕೂಡಲೇ ಕೋಡ್ ಹೋಯಿತು, ಅರ್ಧ ದಿನ ಗಾಡಿ ಓಡಿತು, ಮತ್ತೆ ಅದೇ 100-4. ಎರಡನೇ ಸೆನ್ಸರ್ ಬಂತು. ಅದೂ ಅಷ್ಟೇ. ಆಮೇಲೆ ಬಂದ ಸಲಹೆ: ಆಯಿಲ್ ಪಂಪ್ ಹೋಗಿರಬಹುದು, ಇಂಜಿನ್ ಇಳಿಸಬೇಕು. ಆ ಹೊತ್ತಿಗೆ ಯಾರೋ ಕಾಕಾನ ಕಿವಿಯಲ್ಲಿ ಇನ್ನೊಂದು ಮಾತು ಹಾಕಿದ್ದರು: ಹುಡುಗ ಎಣ್ಣೆ ನೋಡದೆ ಓಡಿಸಿರಬೇಕು. ಕಾಕಾ ಸಿಟ್ಟಿನಲ್ಲಿ ಹುಡುಗನಿಗೆ ಅಂದುಬಿಟ್ಟ. ಹುಡುಗ ಚಾವಿ ಕೊಟ್ಟು ಊರಿಗೆ ಹೋದ.

ಈ ಕಥೆಯ ಕೊನೆಗೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ನನಗೆ ಕಾಡಿದ ಪ್ರಶ್ನೆ ಬೇರೆ. ಇಂಜಿನ್ ಪಕ್ಕ ದಿನಕ್ಕೆ ಹತ್ತು ತಾಸು ಕೂಡುವ ಮನುಷ್ಯನ ಮಾತಿಗಿಂತ ಒಂದು ಸಂಖ್ಯೆಯ ಮಾತು ಹೆಚ್ಚಾದದ್ದು ಯಾವಾಗ? ಅದಕ್ಕೊಂದು ಇತಿಹಾಸ ಇದೆ, ಮತ್ತೆ ಅದು ನಮ್ಮ ಧಾರವಾಡ, ಬೆಂಗಳೂರಿನ ಮೇಲೇ ಹಾದು ಹೋಗುತ್ತದೆ.

ಹೆಸರಿನೊಳಗಿನ ಇತಿಹಾಸ

ಮೊದಲು ಈ ಗಾಡಿಗಳನ್ನು ನಾವು ಕರೆಯುವ ಹೆಸರು ಕೇಳಿ. ಹಳೇ ಕಾಂಟ್ರಾಕ್ಟರುಗಳು ಈಗಲೂ ಪೊಕ್ಲೇನ್ ಅಂತಾರೆ. ಉಳಿದವರು ಹಿಟಾಚಿ. ಟೈರಿನ ಗಾಡಿ ಯಾವ ಕಂಪನಿಯದ್ದಾದರೂ ಅದಕ್ಕೆ ಜೆಸಿಬಿ. ಎಕ್ಸ್‌ಕವೇಟರ್ ಅನ್ನೋ ಶಬ್ದ ಇರೋದು ಬಿಲ್ಲಿನಲ್ಲಿ, ಇನ್ಶೂರೆನ್ಸ್ ಕಾಗದದಲ್ಲಿ ಮಾತ್ರ.

ಪೊಕ್ಲೇನ್ ಅನ್ನೋದು ಫ್ರಾನ್ಸಿನ ಕಂಪನಿ. ಅದಕ್ಕೂ ಮುಂಚೆ ಮಣ್ಣು ಅಗೆಯುವ ದೊಡ್ಡ ಯಂತ್ರಗಳು ಉಕ್ಕಿನ ಹಗ್ಗ, ರಾಟೆಗಳ ಮೇಲೆ ನಡೆಯುತ್ತಿದ್ದವು. 1951ರಲ್ಲಿ ಪೊಕ್ಲೇನ್ ಹಗ್ಗ ಬಿಟ್ಟು ಎಣ್ಣೆಯ ಒತ್ತಡದಿಂದಲೇ ಕೆಲಸ ಮಾಡುವ ಟಿಯು ಅನ್ನೋ ಗಾಡಿ ತಂದಿತು. ಜಪಾನಿನಲ್ಲಿ ಹಿಟಾಚಿ 1965ರಲ್ಲಿ ಯುಎಚ್03 ಅನ್ನೋ ತನ್ನದೇ ಹೈಡ್ರಾಲಿಕ್ ಗಾಡಿ ಮಾಡಿತು. ಭಾರತಕ್ಕೆ ಪೊಕ್ಲೇನ್ ಹೆಸರು ಬಂದದ್ದು 1970ರ ದಶಕದಲ್ಲಿ, ಲಾರ್ಸನ್ ಅಂಡ್ ಟುಬ್ರೊ ಜೊತೆಗಿನ ಒಪ್ಪಂದದಿಂದ. ಜೆಸಿಬಿ ಹರಿಯಾಣದ ಬಲ್ಲಭಗಢದಲ್ಲಿ ಶುರುವಾದದ್ದು 1979ರಲ್ಲಿ. 1984ರಲ್ಲಿ ಟೆಲ್ಕೊ, ಅಂದರೆ ಈಗಿನ ಟಾಟಾ ಮೋಟರ್ಸ್, ಹಿಟಾಚಿ ಜೊತೆ ತಾಂತ್ರಿಕ ಒಪ್ಪಂದ ಮಾಡಿಕೊಂಡಿತು.

ಇಲ್ಲಿಂದ ಕಥೆ ನಮ್ಮ ಬಾಗಿಲಿಗೆ ಬರುತ್ತದೆ. 1999ರಲ್ಲಿ ಆ ವಿಭಾಗ ಟೆಲ್ಕಾನ್ ಅನ್ನೋ ಬೇರೆ ಕಂಪನಿಯಾಯಿತು, ಅದೇ ಹೊತ್ತಿಗೆ ಧಾರವಾಡದಲ್ಲಿ ಅದರ ಕಾರ್ಖಾನೆ ಬಂತು. 2012ರಲ್ಲಿ ಹೆಸರು ಬದಲಾಗಿ ಟಾಟಾ ಹಿಟಾಚಿ ಆಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ಅಂದರೆ ನಾವು ಧಾರವಾಡ ಜಿಲ್ಲೆಯಿಂದ ಹೊರಬಂದು ಸುಮಾರು ಎರಡು ವರ್ಷಕ್ಕೆ ಧಾರವಾಡದಲ್ಲಿ ಈ ಗಾಡಿಗಳು ತಯಾರಾಗತೊಡಗಿದವು. ನಮ್ಮ ಕಡೆಯ ಐಟಿಐ ಹುಡುಗರಿಗೆ ಹಿಟಾಚಿ ಅನ್ನೋದು ಜಪಾನಿನ ಶಬ್ದವಾಗಿ ಉಳಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ಈ ಗಾಡಿಗಳಿಗೆ ಇಲ್ಲಿ ಕೆಲಸ ಕಡಿಮೆ ಇರಲಿಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ, ಅವಕ್ಕೆ ರಸ್ತೆ. ಮುಂಡರಗಿ ತಾಲೂಕಿನ ಹಮ್ಮಿಗಿ ಹತ್ತಿರ ತುಂಗಭದ್ರೆಗೆ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿಯ ಕಾಲುವೆ. 2014ರಿಂದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು. ಎರಿ ಹೊಲದಲ್ಲಿ ಮಳೆ ಬಿದ್ದ ಮೇಲೆ ಗಾಡಿ ಇಳಿಸೋಕೆ ಆಗೋದಿಲ್ಲ. ಹೊಂಡದ ಕೆಲಸ ಏನಿದ್ದರೂ ಸುಗ್ಗಿ ಮುಗಿದ ಮೇಲೆ, ಮುಂಗಾರಿಗಿಂತ ಮುಂಚೆ. ಆ ಎರಡು-ಮೂರು ತಿಂಗಳಲ್ಲಿ ಗಾಡಿ ನಿಂತರೆ ಮಾಲೀಕನಿಗೆ ಕಂತು ತಪ್ಪುತ್ತದೆ, ರೈತನಿಗೆ ಒಂದು ವರ್ಷದ ನೀರು ತಪ್ಪುತ್ತದೆ.

ಕಿವಿಯ ಕಾಲ

ಹಳೇ ಗಾಡಿ ಕೆಟ್ಟರೆ ಏನು ಮಾಡುತ್ತಿದ್ದರು? ಇದನ್ನ ತಿಳಿಯೋಕೆ ಬೆಂಗಳೂರಿಗೆ ಹೋಗಬೇಕು. 1951ರಲ್ಲಿ ಅಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ನಮಗೆಲ್ಲ ಗೊತ್ತಿರೋ ಹೆಸರು ಮೈಕೋ. ಜರ್ಮನಿಯ ಬಾಷ್ ಕಂಪನಿಯ ಕೂಸು. ಬಾಷ್ ಡೀಸೆಲ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿದ್ದು 1927ರಲ್ಲಿ. ಮೈಕೋ ಪಂಪು, ಮೈಕೋ ನಾಝಲ್ ಲಾರಿಯಲ್ಲಿ ಇದ್ದವು, ಟ್ರ್ಯಾಕ್ಟರಿನಲ್ಲಿ ಇದ್ದವು, ಮಣ್ಣು ಅಗೆಯುವ ಗಾಡಿಯಲ್ಲೂ ಇದ್ದವು.

ಗದಗ-ಬೆಟಗೇರಿಗೆ ಯಂತ್ರ ಹೊಸದಲ್ಲ. 1884ರಲ್ಲೇ ರೈಲು ಬಂದ ಊರು. ಹತ್ತಿ ಜಿನ್ನಿಂಗು, ಎಣ್ಣೆ ಮಿಲ್ಲು, ಮಗ್ಗ, ಪ್ರಿಂಟಿಂಗ್ ಪ್ರೆಸ್ಸು. 1976ರಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಶುರು ಮಾಡಿದ್ದೂ ಇದೇ ಗದಗಿನಲ್ಲಿ. ಇಂಥ ಊರಿನಲ್ಲಿ ಡೀಸೆಲ್ ಮಿಸ್ತ್ರಿಗೆ ಒಂದು ಮರ್ಯಾದೆ ಇತ್ತು.

ಅವರ ಉಪಕರಣ ಏನು ಗೊತ್ತಾ? ಉದ್ದನೆಯ ಸ್ಕ್ರೂಡ್ರೈವರ್. ತುದಿಯನ್ನ ಇಂಜಿನ್ ಮೇಲೆ ಇಟ್ಟು, ಹಿಡಿಯನ್ನ ಕಿವಿಗೆ ಹಚ್ಚಿ ಕೇಳೋದು. ಹೊಗೆ ಕಪ್ಪಾದರೆ ಡೀಸೆಲ್ ಹೆಚ್ಚು ಇಲ್ಲ ಗಾಳಿ ಕಡಿಮೆ, ನೀಲಿಯಾದರೆ ಎಣ್ಣೆ ಉರಿಯುತ್ತಿದೆ, ಬಿಸಿ ಇಂಜಿನಿನಲ್ಲೂ ಬಿಳಿ ಬಂದರೆ ಡೀಸೆಲ್ ಸರಿ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ. ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡೋಕೆ ಇಂಜಿನ್ ಓಡುತ್ತಿದ್ದಾಗಲೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡೋರು. ನಟ್ ಸಡಿಲಿಸಿದರೂ ಸಪ್ಪಳ ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಆ ಕಾಲದಲ್ಲಿ ಎಣ್ಣೆ ಒತ್ತಡಕ್ಕೆ ಇದ್ದದ್ದು ಒಂದು ಸ್ವಿಚ್ಚು, ಒಂದು ಕೆಂಪು ಬಲ್ಬು. ಒತ್ತಡ ಬಿದ್ದರೆ ಬಲ್ಬು ಹತ್ತುತ್ತದೆ. ಅದಕ್ಕಿಂತ ಹೆಚ್ಚಿಗೆ ಅದು ಏನೂ ಹೇಳುತ್ತಿರಲಿಲ್ಲ. ಹಿಂಗಾಗಿ ಮಿಸ್ತ್ರಿ ಬಂದವನೇ ಮೊದಲು ಕೇಳುತ್ತಿದ್ದದ್ದು ಆಪರೇಟರನ್ನ. ಯಾವಾಗ ಶುರುವಾತು? ಲೋಡಿನ್ಯಾಗೋ, ಖಾಲಿ ಓಡೂವಾಗೋ? ಮುಂಜಾನಿ ತಂಪಿನ್ಯಾಗ ಹೆಂಗಿತ್ತು? ಆಪರೇಟರ್ ಆವಾಗ ಮುಖ್ಯ ಸಾಕ್ಷಿ.

ವೈರಿನ ಒಳಗೆ ಮಾತು

ಇದೆಲ್ಲ ಬದಲಾದದ್ದು 1980ರ ದಶಕದಲ್ಲಿ, ದೂರದ ಅಮೆರಿಕ, ಜರ್ಮನಿ, ಜಪಾನಿನಲ್ಲಿ. 1985ರಲ್ಲಿ ಅಮೆರಿಕದ ಡೆಟ್ರಾಯಿಟ್ ಡೀಸೆಲ್ ಇಂಜಿನ್ನುಗಳಿಗೆ ಡಿಡಿಇಸಿ ಅನ್ನೋ ಎಲೆಕ್ಟ್ರಾನಿಕ್ ಹತೋಟಿ ಬಂತು. ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಅಂತ ತೀರ್ಮಾನ ಮಾಡೋದು ಈಗ ಒಂದು ಸಣ್ಣ ಕಂಪ್ಯೂಟರ್. ಅದಕ್ಕೆ ಕಣ್ಣು, ಕಿವಿ ಬೇಕಲ್ಲ? ಅವೇ ಸೆನ್ಸರುಗಳು.

ಮರುವರ್ಷ, 1986ರ ಫೆಬ್ರುವರಿಯಲ್ಲಿ, ಬಾಷ್ ಕಂಪನಿ ಡೆಟ್ರಾಯಿಟಿನ ಇಂಜಿನಿಯರುಗಳ ಸಮ್ಮೇಳನದಲ್ಲಿ ಕ್ಯಾನ್ ಅನ್ನೋ ಪದ್ಧತಿ ತೋರಿಸಿತು. ಗಾಡಿಯೊಳಗಿನ ಎಲ್ಲ ಕಂಪ್ಯೂಟರುಗಳು ಒಂದಕ್ಕೊಂದು ಹೆಣೆದ ಎರಡೇ ವೈರಿನ ಮೇಲೆ ಮಾತಾಡಿಕೊಳ್ಳುವ ಪದ್ಧತಿ. ನೋಡ್ರಿ, ಯಾವ ಬಾಷ್ ಕಂಪನಿಯ ಪಂಪು ನಮ್ಮ ಮಿಸ್ತ್ರಿಗಳಿಗೆ ಅನ್ನ ಹಾಕಿತ್ತೋ, ಅದೇ ಕಂಪನಿ ಅವರ ಕಿವಿಯ ಕೆಲಸ ಕಡಿಮೆ ಮಾಡುವ ವೈರನ್ನೂ ಕೊಟ್ಟಿತು. 1995ರಲ್ಲಿ ಜಪಾನಿನ ಡೆನ್ಸೊ ಲಾರಿಗಳಿಗೆ ಕಾಮನ್ ರೇಲ್ ತಂದಿತು. ಹಳೇ ನಾಝಲ್ ಬಾಯಿ ತೆರೆಯೋದು ಸುಮಾರು 200 ಬಾರ್ ಒತ್ತಡದಲ್ಲಿ. ಕಾಮನ್ ರೇಲಿನಲ್ಲಿ ಸಾವಿರ ಬಾರ್ ದಾಟುತ್ತದೆ. ಆವಾಗ ಹೇಳಿದೆನಲ್ಲ, ಓಡುವ ಇಂಜಿನಿನ ನಟ್ ಸಡಿಲ ಮಾಡೋ ಉಪಾಯ, ಅದನ್ನ ಇಲ್ಲಿ ಮಾಡಿದರೆ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ನಾಲ್ವತ್ತು ವರ್ಷದ ವಿದ್ಯೆ ಒಂದೇ ಗಾಡಿಯಲ್ಲಿ ಅಪಾಯ ಆಗಿಹೋಯಿತು.

ಅಗೆಯುವ ಗಾಡಿಯೊಳಗೆ ಎಲೆಕ್ಟ್ರಾನಿಕ್ಸ್ ನುಗ್ಗಿದ್ದು ಮಾತ್ರ ಇಂಜಿನ್ ಬಾಗಿಲಿಂದ ಅಲ್ಲ, ಹೈಡ್ರಾಲಿಕ್ ಪಂಪಿನ ಬಾಗಿಲಿಂದ. ಹಿಟಾಚಿಯ ಇಎಕ್ಸ್ ಗಾಡಿಗಳಲ್ಲಿ ಇಂಜಿನ್ ಹಳೇ ಪಂಪಿನದ್ದೇ ಇದ್ದರೂ, ಅದರ ಗವರ್ನರ್ ಲಿವರ್ ಎಳೆಯೋಕೆ ಒಂದು ಸಣ್ಣ ಮೋಟರ್, ಪಂಪು ನೋಡಿಕೊಳ್ಳೋಕೆ ಒಂದು ಕಂಟ್ರೋಲರ್ ಬಂದವು. ಅದರ ರೋಗ ನೋಡುವ ಉಪಕರಣಕ್ಕೆ ಕಂಪನಿ ಇಟ್ಟ ಹೆಸರೇ ಡಾಕ್ಟರ್ ಇಎಕ್ಸ್. ಮುಂದೆ ಜಾಕ್ಸಿಸ್ ಗಾಡಿಗಳಿಗೆ ಡಾಕ್ಟರ್ ಝಡ್‌ಎಕ್ಸ್. ಡಾಕ್ಟರ್ ಅಂತ ಹೆಸರಿಟ್ಟ ಮೇಲೆ ಜನ ಅದನ್ನ ಡಾಕ್ಟರ್ ಅಂತಲೇ ನಂಬಿದರು. ನಿಜ ಹೇಳಬೇಕಂದರೆ ಅದು ಕಾಂಪೌಂಡರ್. ಜ್ವರ ಎಷ್ಟು ಅಂತ ಬರೆದು ಕೊಡುತ್ತದೆ, ಅಷ್ಟೇ.

ಸರ್ಕಾರದ ನಿಯಮವೂ ಇದನ್ನ ಮುಂದಕ್ಕೆ ತಳ್ಳಿತು. ನಿರ್ಮಾಣ ವಾಹನಗಳ ಹೊಗೆಗೆ ಭಾರತ್ ಸ್ಟೇಜ್ ಎರಡು 2007ರ ಅಕ್ಟೋಬರಿನಲ್ಲಿ, ಮೂರು 2011ರ ಏಪ್ರಿಲಿನಲ್ಲಿ, ನಾಲ್ಕು 2021ರ ಏಪ್ರಿಲ್ 1ರಂದು, ಐದು 2025ರ ಜನವರಿ 1ರಂದು ಬಂದವು. ಇಲ್ಲೊಂದು ಮಜಾ ಇದೆ. ಮೋಟಾರು ವಾಹನ ನಿಯಮದಲ್ಲಿ ನಿರ್ಮಾಣ ವಾಹನ ಅಂದರೆ ರಬ್ಬರ್ ಟೈರು, ರಬ್ಬರ್ ಪ್ಯಾಡು ಅಥವಾ ಉಕ್ಕಿನ ಡ್ರಮ್ಮಿನ ಮೇಲೆ ಓಡುವ ಗಾಡಿ. ಚೈನ್ ಗಾಡಿಯ ಹೆಸರು ಆ ವ್ಯಾಖ್ಯೆಯಲ್ಲಿಲ್ಲ. ಟೈರಿನ ಗಾಡಿಗೆ ನಿಯಮದಿಂದ ಸೆನ್ಸರು ಬಂದವು. ಚೈನ್ ಗಾಡಿಗೆ ಡೀಸೆಲ್ ಉಳಿತಾಯದ ಆಸೆಯಿಂದ, ಹೊರದೇಶದ ಇಂಜಿನ್ ವಿನ್ಯಾಸದ ಜೊತೆಗೆ ಬಂದವು. ದಾರಿ ಬೇರೆ, ಸೇರಿದ ಊರು ಒಂದೇ.

ಸಂಖ್ಯೆ ಓದೋದು ಹೆಂಗ

ಈಗ ನಮ್ಮ 100-4ಕ್ಕೆ ಬರೋಣ. ಪ್ರತಿ ಕಂಪನಿ ತನ್ನದೇ ಸಂಖ್ಯೆ ಇಟ್ಟರೆ ಯಾರಿಗೂ ಯಾರ ಗಾಡಿಯೂ ತಿಳಿಯೋದಿಲ್ಲ ಅಂತ ಅಮೆರಿಕದ ವಾಹನ ಇಂಜಿನಿಯರುಗಳ ಸಂಸ್ಥೆ ಎಸ್‌ಎಇ 1990ರ ದಶಕದಲ್ಲಿ ಜೆ1939 ಅನ್ನೋ ಒಪ್ಪಂದ ಮಾಡಿತು. ಕ್ಯಾನ್ ವೈರಿನ ಮೇಲೆ ಆಡುವ ಭಾಷೆ ಅದು. ಅದರಲ್ಲಿ ದೋಷದ ಸಂಖ್ಯೆಗೆ ಎರಡು ಭಾಗ. ಮೊದಲನೆಯದು ಎಸ್‌ಪಿಎನ್: ಯಾವುದರ ಬಗ್ಗೆ ದೂರು? 100 ಅಂದರೆ ಇಂಜಿನ್ ಎಣ್ಣೆಯ ಒತ್ತಡ. 110 ಅಂದರೆ ಕೂಲಂಟ್ ಬಿಸಿ. 157 ಅಂದರೆ ರೇಲಿನೊಳಗಿನ ಡೀಸೆಲ್ ಒತ್ತಡ. 190 ಅಂದರೆ ಇಂಜಿನ್ ವೇಗ. ಎರಡನೆಯದು ಎಫ್‌ಎಂಐ: ಯಾವ ಥರದ ದೂರು? ಸೊನ್ನೆ ಅಂದರೆ ಅಳತೆ ನಿಜವಾಗಿಯೂ ಅಪಾಯಕ್ಕೆ ಏರಿದೆ. ಒಂದು ಅಂದರೆ ನಿಜವಾಗಿಯೂ ಅಪಾಯಕ್ಕೆ ಇಳಿದಿದೆ. ಎರಡು ಅಂದರೆ ಸುದ್ದಿ ಗೊಂದಲವಾಗಿದೆ. ಮೂರು ಅಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು. ನಾಲ್ಕು ಅಂದರೆ ವೋಲ್ಟೇಜ್ ಕಡಿಮೆ.

ಗಮನ ಕೊಡ್ರಿ. 100-1 ಅಂದರೆ ಎಣ್ಣೆ ಒತ್ತಡ ಬಿದ್ದಿದೆ, ಕೂಡಲೇ ಬಂದ್ ಮಾಡು. 100-4 ಅಂದರೆ ಎಣ್ಣೆ ಒತ್ತಡದ ಸುದ್ದಿ ತರುವ ವೈರಿನಲ್ಲಿ ವೋಲ್ಟೇಜ್ ಬಿದ್ದಿದೆ. ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಶಬ್ದ: ಲೋ.

ಇಂಥ ಸೆನ್ಸರಿಗೆ ಸಾಮಾನ್ಯವಾಗಿ ಮೂರು ವೈರು. ಒಂದರಲ್ಲಿ ಇಂಜಿನ್ ಕಂಪ್ಯೂಟರಿನಿಂದ 5 ವೋಲ್ಟ್ ಬರುತ್ತದೆ, ಒಂದು ಅರ್ಥಿಂಗ್, ಒಂದು ಸುದ್ದಿಯ ವೈರು. ಒತ್ತಡ ಸೊನ್ನೆ ಇದ್ದರೂ ಸುದ್ದಿಯ ವೈರಿನಲ್ಲಿ ಸುಮಾರು ಅರ್ಧ ವೋಲ್ಟ್ ಇರುತ್ತದೆ. ಒತ್ತಡ ಪೂರ್ತಿ ಇದ್ದರೆ ಸುಮಾರು ನಾಲ್ಕೂವರೆ. ಕೆಳಗೆ ಅರ್ಧ, ಮೇಲೆ ಅರ್ಧ ಬೇಕಂತಲೇ ಬಿಟ್ಟಿದ್ದಾರೆ. ಯಾಕಂದ್ರ ವೈರು ಹರಿದರೆ, ಬಾಡಿಗೆ ತಾಗಿದರೆ, ವೋಲ್ಟೇಜ್ ಆ ಬಿಟ್ಟ ಜಾಗಕ್ಕೆ ಹೋಗಿ ಬೀಳುತ್ತದೆ. ಆಗ ಕಂಪ್ಯೂಟರಿಗೆ ಇದು ನಿಜವಾದ ಸುದ್ದಿ ಅಲ್ಲ ಅಂತ ತಿಳಿಯುತ್ತದೆ. ಮನೆಯಿಂದ ಫೋನ್ ಬಂದು ರೊಕ್ಕ ಇಲ್ಲ ಅನ್ನೋದು ಬೇರೆ, ಫೋನೇ ಹತ್ತದೆ ಇರೋದು ಬೇರೆ. 100-4 ಅಂದರೆ ಫೋನ್ ಹತ್ತುತ್ತಿಲ್ಲ ಅಂತ. ನಾವು ಮನೆಯಲ್ಲಿ ರೊಕ್ಕ ಇಲ್ಲ ಅಂತ ತಿಳಿದು ಅಳುತ್ತಾ ಕೂತೆವು.

ನನ್ನ ಓದಿನ ಭಾಷೆಯಲ್ಲಿ ಹೇಳಬೇಕಂದರೆ ಕೋಡ್ ಅನ್ನೋದು ತಾಳೆ ಆಗದ ಟ್ರಯಲ್ ಬ್ಯಾಲೆನ್ಸ್. ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಯಾವ ವೋಚರ್ ತಪ್ಪು ಅಂತ ಗೊತ್ತಾಗೋದಿಲ್ಲ. ಅದನ್ನ ಹುಡುಕೋಕೆ ಒಂದೊಂದೇ ಎಂಟ್ರಿ ನೋಡಬೇಕು. ನೋಡೋಕೆ ಬೇಸರ ಅಂತ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮುಗಿಸೋರು ಇದ್ದಾರೆ. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಿಸೋದು ಅದೇ ಥರದ ಕೆಲಸ.

ಎಂಟ್ರಿ ನೋಡೋದು ಅಂದರೆ ಹೆಂಗ? ಒಂದು ಉದಾಹರಣೆ. ಕೂಲಂಟ್ ಬಿಸಿಯ ಸೆನ್ಸರಿಗೆ ಎರಡೇ ವೈರು. 110-4 ಬಂದಿದೆ ಅನ್ನಿ. ಸೆನ್ಸರಿನ ಪ್ಲಗ್ ಬಿಚ್ಚಿ, ಚಾವಿ ಆನ್ ಮಾಡಿ ನೋಡಿ. ಕೋಡ್ ಈಗ 110-3 ಆದರೆ ವೈರು ಸರಿ ಇದೆ, ಕಂಪ್ಯೂಟರ್ ಸರಿ ಇದೆ, ಸೆನ್ಸರ್ ಒಳಗೆ ಶಾರ್ಟ್ ಆಗಿದೆ. ಪ್ಲಗ್ ಬಿಚ್ಚಿದರೂ 110-4 ಹಾಗೇ ಇದ್ದರೆ ಸೆನ್ಸರಿನ ತಪ್ಪಿಲ್ಲ, ಅದರ ಹಿಂದಿನ ವೈರು ಎಲ್ಲೋ ಕಬ್ಬಿಣಕ್ಕೆ ತಾಗಿದೆ. ಖರ್ಚು ಸೊನ್ನೆ. ಒಂದೇ ಸಲಕ್ಕೆ ನಾಲ್ಕೈದು ಸೆನ್ಸರುಗಳ ಕೋಡ್ ಬಂದರೆ ನಾಲ್ಕೈದು ಸೆನ್ಸರ್ ತರಿಸಬೇಡಿ. ಅವೆಲ್ಲಕ್ಕೂ ಹೋಗುವ 5 ವೋಲ್ಟಿನ ವೈರು ಒಂದೇ ಇರಬಹುದು, ಒಂದು ಸೆನ್ಸರ್ ಅದನ್ನ ಎಳೆದು ಕೆಡವಿರಬಹುದು. ಕಂಪ್ಯೂಟರುಗಳು ಮಾತೇ ಬಿಟ್ಟಿದ್ದರೆ ಬ್ಯಾಟರಿ ಬಂದ್ ಮಾಡಿ ಕ್ಯಾನಿನ ಎರಡು ವೈರಿನ ನಡುವೆ ಮೀಟರ್ ಹಚ್ಚಿ. ಎರಡೂ ತುದಿಗೆ 120 ಓಮಿನ ತಡೆ ಇರುತ್ತದೆ, ಮೀಟರ್ ಸುಮಾರು 60 ತೋರಿಸಬೇಕು. 120 ತೋರಿಸಿದರೆ ಒಂದು ತುದಿ ಕೈಬಿಟ್ಟಿದೆ.

ನಮ್ಮ ಸೀಮೆಯಲ್ಲಿ ವೈರಿಗೆ ವೈರಿಗಳು ಬಹಳ. ಮಸಾರಿ ಧೂಳು ಪ್ಲಗ್ ಒಳಗೆ ಸೇರುತ್ತದೆ. ಎರಿ ಮಣ್ಣು ಮೆತ್ತಿಕೊಂಡು ಒಣಗಿ ವೈರಿನ ಕಟ್ಟನ್ನ ಜಗ್ಗುತ್ತದೆ. ಸರ್ವಿಸಿಂಗಿಗೆ ಒಯ್ದಾಗ ಪ್ರೆಶರ್ ನೀರು ಹೊಡೆದರೆ ಪಿನ್ನು ಹಸಿರುಗಟ್ಟುತ್ತದೆ. ಮಳೆಗಾಲದಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಇಲಿ. ಕಂಪನಿಯ ಪುಸ್ತಕದಲ್ಲಿ ಇಲಿಗೆ ಕೋಡ್ ಇಲ್ಲ.

ಚಾವಿ ಯಾರ ಕಡೆ

ಇಷ್ಟೆಲ್ಲ ಸುಲಭ ಇದ್ದರೆ ಊರಿನ ಮಿಸ್ತ್ರಿಗಳು ಯಾಕೆ ಮಾಡೋದಿಲ್ಲ? ಕೆಲವರು ಮಾಡುತ್ತಾರೆ. ಆದರೆ ಜೆ1939ರ ಸಂಖ್ಯೆಗಳು ಸಾರ್ವಜನಿಕ ಇದ್ದರೂ, ಅದರ ಮೇಲೆ ಪ್ರತಿ ಕಂಪನಿ ತನ್ನದೇ ಸಂಖ್ಯೆ ಹಚ್ಚುತ್ತದೆ. ಕಮಿನ್ಸ್ ಇಂಜಿನಿನಲ್ಲಿ ಇದೇ 100-4ಕ್ಕೆ 141 ಅಂತಾರೆ, 100-1ಕ್ಕೆ 415. ವೈರಿನ ನಕ್ಷೆ, ಹೊಸ ಇಂಜೆಕ್ಟರಿನ ಸಂಖ್ಯೆ ಕಂಪ್ಯೂಟರಿಗೆ ಹೇಳಿಕೊಡುವ ಸಾಫ್ಟ್‌ವೇರ್, ಇವು ಇರೋದು ಕಂಪನಿಯ ಲ್ಯಾಪ್‌ಟಾಪಿನಲ್ಲಿ.

ಕಾರುಗಳ ವಿಷಯದಲ್ಲಿ ಈ ಜಗಳ ಭಾರತದಲ್ಲಿ ಒಮ್ಮೆ ಕಟಕಟೆಗೆ ಬಂದಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ, ರೋಗ ನೋಡುವ ಉಪಕರಣ ಸಿಗದಂತೆ ಮಾಡಿದ್ದಾರೆ ಅನ್ನೋದು ಆರೋಪದ ತಿರುಳು. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕೃಷಿ ಉಪಕರಣ, ಮೊಬೈಲ್, ಮನೆ ಸಾಮಾನು, ವಾಹನ, ಇವು ಅದರ ನಾಲ್ಕು ವಿಭಾಗ. ಹೊಲದಲ್ಲಿ ಹೊಂಡ ತೋಡುವ ಚೈನ್ ಗಾಡಿ ಇದರಲ್ಲಿ ಯಾವುದು? ವಾಹನ ನಿಯಮದ ವ್ಯಾಖ್ಯೆಯಲ್ಲೂ ಅದರ ಹೆಸರಿಲ್ಲ ಅಂತ ಆಗಲೇ ಹೇಳಿದೆ.

ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕಾಕಾನ ಗಾಡಿ ಆರು ದಿನ ನಿಂತದ್ದು ಲ್ಯಾಪ್‌ಟಾಪ್ ಇಲ್ಲದೆ ಅಲ್ಲ. ಕೋಡ್ ಮಾನಿಟರಿನ ಮೇಲೇ ಇತ್ತು. ಅದನ್ನ ಓದೋಕೆ ಯಾರೂ ಕೂಡಲಿಲ್ಲ.

ಆರನೇ ದಿನ

ಇಂಜಿನ್ ಇಳಿಸೋದಕ್ಕಿಂತ ಮುಂಚೆ ಒಂದು ಸಲ ತೋರಿಸೋಣ ಅಂತ ಬೆಟಗೇರಿಯಿಂದ ಒಬ್ಬ ಹಿರಿ ಮಿಸ್ತ್ರಿಯನ್ನ ಕರಕೊಂಡು ಹೋದೆವು. ಪಂಪಿನ ಕಾಲದವರು, ಆಮೇಲೆ ವೈರಿನ ಕೆಲಸ ಕಲಿತವರು. ಕೈಯಲ್ಲಿ ಒಂದು ಮುಳ್ಳಿನ ಪ್ರೆಶರ್ ಗೇಜು, ಒಂದು ಮಲ್ಟಿಮೀಟರು.

ಬಂದವರೇ ಕೇಳಿದ ಮೊದಲ ಮಾತು: “ಓಡಸೋ ಹುಡುಗ ಎಲ್ಲಿ?”

ಕಾಕಾ ಸುಮ್ಮನಿದ್ದ.

ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜು ಹಾಕಿದರು. ಗಾಡಿ ಚಾಲೂ ಮಾಡಿಸಿದರು. ಮುಳ್ಳು ಏರಿ ಗಟ್ಟಿಯಾಗಿ ನಿಂತಿತು. ಇಂಜಿನ್ ಬಿಸಿಯಾಗುವ ತನಕ ಕಾಯ್ದು ಮತ್ತೆ ನೋಡಿದರು, ಒತ್ತಡ ಚೊಕ್ಕ ಇತ್ತು. ಅಂದರೆ ಪಂಪಿಗೆ ಏನೂ ಆಗಿಲ್ಲ. ಆಮೇಲೆ ಗಾಡಿ ಬಂದ್ ಮಾಡಿ, ಸೆನ್ಸರಿನ ಪ್ಲಗ್ಗು, ಕಂಪ್ಯೂಟರಿನ ಪ್ಲಗ್ಗು ಎರಡೂ ಬಿಚ್ಚಿ, ಸುದ್ದಿಯ ವೈರಿಗೂ ಬಾಡಿಗೂ ಮೀಟರ್ ಹಚ್ಚಿದರು. ಏನೂ ಸಂಬಂಧ ಇರಬಾರದ ಜಾಗದಲ್ಲಿ ಮೀಟರ್ ಕುಂಯ್ ಅಂತು. ವೈರಿನ ಕಟ್ಟನ್ನ ಕೈಯಿಂದ ಸ್ವಲ್ಪ ಎತ್ತಿದರು, ಸಪ್ಪಳ ನಿಂತಿತು. ಬಿಟ್ಟರು, ಮತ್ತೆ ಕುಂಯ್.

ಕ್ಲ್ಯಾಂಪಿನ ಕೆಳಗೆ ವೈರಿನ ಮೇಲಿನ ಪ್ಲಾಸ್ಟಿಕ್ ತಿಕ್ಕಿ ತಿಕ್ಕಿ ಸವೆದು ತಾಮ್ರ ಕಾಣುತ್ತಿತ್ತು. ಒಂದು ಕಾಳಿನಷ್ಟು ಜಾಗ. ಹೊಸ ಸೆನ್ಸರ್ ಹಾಕುವಾಗ ಕಟ್ಟು ಅತ್ತಿತ್ತ ಜಗ್ಗಿ ವೈರು ಕಬ್ಬಿಣ ಬಿಟ್ಟಿತ್ತು, ಕೋಡ್ ಹೋಗಿತ್ತು. ಅರ್ಧ ದಿನ ನಡುಗಿದ ಮೇಲೆ ಮತ್ತೆ ತಾಗಿತ್ತು. ಎರಡು ಸೆನ್ಸರ್, ಆರು ದಿನ, ಒಂದು ನೌಕರಿ, ಎಲ್ಲ ಆ ಕಾಳಿನಷ್ಟು ಜಾಗದಲ್ಲಿ ಹೋಗಿತ್ತು. ವೈರು ಕೂಡಿಸಿ, ಮೇಲೆ ಸ್ಲೀವ್ ಹಾಕಿ, ಕ್ಲ್ಯಾಂಪಿಗೆ ರಬ್ಬರ್ ಕೊಟ್ಟರು. ಗೇಜು ಹಾಕಿದಾಗಿನಿಂದ ಇಷ್ಟೂ ಕೆಲಸ ಒಂದು ತಾಸಿನೊಳಗೆ ಮುಗಿಯಿತು.

ಹೋಗುವಾಗ ಮಿಸ್ತ್ರಿ ಕಾಕಾನಿಗೆ ಅಂದರು: “ಹುಡುಗ ಸಪ್ಪಳ ಚೊಲೊ ಐತಿ ಅಂದಿದ್ನಲ್ರಿ. ಎಣ್ಣಿ ಇಲ್ಲದ ಇಂಜಿನ್ ಸುಮ್ಮಕಿರೂದಿಲ್ರಿ, ಒದರತೈತಿ.”

ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಕೇಳೋರು ತಪ್ಪು ತಿಳಿಯಬಾರದು. ಎಣ್ಣೆ ದೀಪ ಹತ್ತಿದಾಗ ಗಾಡಿ ಬಂದ್ ಮಾಡಿದ್ದು ಸರಿ. ಹುಡುಗ ಅದನ್ನೇ ಮಾಡಿದ್ದ. ಸಪ್ಪಳ ಚೊಲೊ ಇದೆ ಅಂತ ಕೋಡನ್ನ ಕಡೆಗಣಿಸಿ ಓಡಿಸಿದ್ದರೆ, ಅದು 100-1 ಆಗಿದ್ದರೆ, ಇಂಜಿನ್ನೇ ಹೋಗುತ್ತಿತ್ತು. ಕಿವಿ ಒಂದೇ ಸಾಲದು, ಕೋಡ್ ಒಂದೇ ಸಾಲದು. ದೂರು ಬಂದಿದೆ ಅಂದರೆ ಸಾಕ್ಷಿ ಕೇಳಬೇಕು: ಮುಳ್ಳಿನ ಗೇಜು ಒಂದು ಸಾಕ್ಷಿ, ಮೀಟರ್ ಒಂದು, ಆಪರೇಟರ್ ಒಂದು. ನಾವು ದೂರನ್ನೇ ತೀರ್ಪು ಅಂತ ಓದಿದೆವು.

ಆ ವರ್ಷ ಶಿರಹಟ್ಟಿಯ ಆ ಹೊಂಡ ಮುಗಿಯಿತು. ಅದರ ಮುಂದಿನ ರೈತನ ಹೊಂಡ ಆಗಲಿಲ್ಲ, ಮಳೆ ಮೊದಲೇ ಬಂತು. ಕಾಕಾ ಅವರ ಮುಂಗಡ ವಾಪಸ್ ಕೊಟ್ಟ. ನನ್ನ ಲೆಕ್ಕದ ಪುಸ್ತಕದಲ್ಲಿ ಎರಡು ಸೆನ್ಸರಿನ ದುಡ್ಡು ರಿಪೇರಿ ಖಾತೆಯಲ್ಲಿದೆ, ಆರು ದಿನದ ಬಾಡಿಗೆ ಯಾವ ಖಾತೆಯಲ್ಲೂ ಇಲ್ಲ. ಬರದ ಆದಾಯಕ್ಕೆ ನಮ್ಮ ಪುಸ್ತಕದಲ್ಲಿ ಎಂಟ್ರಿ ಹಾಕೋದಿಲ್ಲ.

ಕಾಕಾ ಅವತ್ತೇ ರಾತ್ರಿ ಹುಡುಗನಿಗೆ ಫೋನ್ ಹಚ್ಚಿದ. ನಾನು ಪಕ್ಕದಲ್ಲಿದ್ದೆ. “ತಪ್ಪು ನಂದು ತಮ್ಮಾ. ಗಾಡಿ ನೀ ಅಂದಂಗ ಚೊಲೊನ ಇತ್ತು.” ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಹುಡುಗ ಅಂದ: “ಇರಲಿ ಬಿಡ್ರಿ ಕಾಕಾರ. ನಾ ಈಗ ಗೋವಾಕ್ಕ ಬಂದೀನ್ರಿ, ಇಲ್ಲೆ ಗಾಡಿ ಸಿಕ್ಕೈತಿ.” ಆಮೇಲೆ ಕೇಳಿದ: “ವೈರ್ ಎಲ್ಲಿ ತಿಕ್ಕಿತ್ರಿ?”

ಇವತ್ತಿಗೆ ಇಷ್ಟು. ನಿಮ್ಮ ಕಡೆ ಗಾಡಿ ಓಡಿಸೋರು, ರಿಪೇರಿ ಮಾಡೋರು ಇದ್ದರೆ ಈ ಸಂಚಿಕೆ ಅವರಿಗೆ ಕೇಳಿಸಿ. ಅವರ ಹತ್ತಿರ ಇದಕ್ಕಿಂತ ದೊಡ್ಡ ಕಥೆ ಇರುತ್ತವೆ, ಬರೆದು ಕಳಿಸೋಕೆ ಹೇಳಿ. ಮುಂದಿನ ವಾರ ಸಿಗೋಣ್ರಿ.